ಸರದಿಯೂ ಸಂಕಟವೂ

ಪಂಕ್ತಿಯಲ್ಲಿ ಕುಳಿತವರಿಗೆ ಎಲೆಯಿಂದ ಎಲೆಗೆ ಕ್ರಮವಾಗಿ ಬಡಿಸುತ್ತ ಹೋಗುವುದು ಮರ್ಯಾದೆ. ನಡುವೆ ಹಸಿದು ಅಳುವ ಕೂಸಿಗೆ ಮೊದಲು ಒಂದು ತುತ್ತನ್ನಿಕ್ಕಿದರೆ ಅದನ್ನು ಪಂಕ್ತಿಭೇದವೆಂದು ಯಾರೂ ದೂರುವುದಿಲ್ಲ. ಆದರೆ ಅನ್ನವೇ ಸಾಲದೆ, ಅಳುವ ಕೂಸುಗಳೇ ನೂರಾರಿದ್ದರೆ ಬಡಿಸುವವನು ಏನು ಮಾಡಬೇಕು? ಬಡವರಿಗೆ ಬಾಡಿಗೆಯ ಮನೆಗಳನ್ನು ಹಂಚುವ ಇಂಗ್ಲೆಂಡಿನ ಪೌರಸಂಸ್ಥೆಗಳನ್ನು ಒಂದು ಶತಮಾನದಿಂದ ಕಾಡುತ್ತಿರುವ ಧರ್ಮಸಂಕಟವು ಇದೇ.

1919ರ ವಸತಿ ಶಾಸನವು ಸರ್ಕಾರದ ಸಹಾಯಧನದಿಂದ ಮನೆಗಳನ್ನು ಕಟ್ಟಿಸುವ ಹೊಣೆಯನ್ನು ಆ ಸಂಸ್ಥೆಗಳ ಮೇಲೆ ಹೊರಿಸಿತು. ಮನೆಗಳಿಗಿಂತ ಅರ್ಜಿಗಳು ಹೆಚ್ಚಾದುವು, ಪಟ್ಟಿಯು ಹುಟ್ಟಿತು. ಕೆಲವು ಊರುಗಳು ಅರ್ಜಿಯ ತಾರೀಖನ್ನೇ ನೋಡಿದುವು. ಮತ್ತೆ ಕೆಲವು ಕಷ್ಟಕ್ಕೆ ಅಂಕಗಳನ್ನು ಗೊತ್ತುಮಾಡಿದುವು: ಕೋಣೆಯೊಂದರಲ್ಲಿ ಮಲಗುವವರೆಷ್ಟು ಮಂದಿ, ಕಾಯಿಲೆಯವರುಂಟೇ, ಗೋಡೆಗೆ ತೇವ ಹತ್ತಿದೆಯೇ ಎಂದು. ಇದರೊಡನೆ, ಮನೆಗೆ ಬಂದ ಅಧಿಕಾರಿಯು ಗೃಹಿಣಿಯ ಚೊಕ್ಕಟತನವನ್ನೂ ಗುರುತುಹಾಕಿಕೊಳ್ಳುವ ಪದ್ಧತಿಯು ಬೆಳೆಯಿತು. ಚೊಕ್ಕಟವಾದವರಿಗೆ ಹೊಸ ಮನೆ, ಉಳಿದವರಿಗೆ ಹಳೆಯದು. 1969ರಲ್ಲಿ ಕಲ್ಲಿಂಗ್‌ವರ್ತ್ ಸಮಿತಿಯ ವರದಿಯು ಈ ಬಗೆಯ ನಡತೆಯ ಪರೀಕ್ಷೆಯನ್ನು ಆಕ್ಷೇಪಿಸಿತು. ಸೋರುವ ಮಾಡಿನ ಕೆಳಗೆ ನೆಲವು ಥಳಥಳಿಸಬೇಕೆಂದು ಬಯಸುವುದು ಎಂತಹ ವಿವೇಕವೋ!

1977ರ ಶಾಸನವು ನಿರಾಶ್ರಿತ ಸಂಸಾರಗಳಿಗೆ ನೆಲೆಯನ್ನು ಕಲ್ಪಿಸುವ ಕರ್ತವ್ಯವನ್ನು ವಿಧಿಸಿತು. ಬುದ್ಧಿಪೂರ್ವಕವಾಗಿ ಮನೆ ಕಳೆದುಕೊಂಡವರಿಗೆ ಮಾತ್ರ ಆ ಪೂರ್ಣ ರಕ್ಷಣೆಯಿಲ್ಲ. 1996ರ ಶಾಸನವು ನಿರಾಶ್ರಿತರು, ಇಕ್ಕಟ್ಟಿನಲ್ಲಿಯೂ ಅನಾರೋಗ್ಯಕರವಾದ ಮನೆಗಳಲ್ಲಿಯೂ ಇರುವವರು, ರೋಗಿಗಳು ಮೊದಲಾದವರಿಗೆ ಯುಕ್ತವಾದ ಪ್ರಾಶಸ್ತ್ಯವನ್ನು ಕೊಡಬೇಕೆಂದಿತು. ಆದರೆ ಈ ಗುಂಪುಗಳೊಳಗೇ ಮೊದಲಿಗರಾರು?

ಲಂಡನ್ನಿನ ನ್ಯೂಹ್ಯಾಮ್ ಪೌರಸಂಸ್ಥೆಯು ಇಂತಹವರ ಬಹುಭಾಗವನ್ನು ಒಂದೇ ವರ್ಗದಲ್ಲಿರಿಸಿ, ಅವರೊಳಗೆ ಹೆಚ್ಚು ಕಾಲ ಕಾದವರನ್ನು ಮುಂದೆ ನಿಲ್ಲಿಸಿತು. ಹಲವು ಕಷ್ಟಗಳು ಒಟ್ಟಿಗೆ ಬಂದವನಿಗೆ ಇದರಿಂದ ಅನ್ಯಾಯವಲ್ಲವೇ ಎಂಬ ವ್ಯಾಜ್ಯವು ಲಾರ್ಡ್ಸ್ ಸಭೆಯವರೆಗೆ ಹೋಯಿತು. ಕಷ್ಟಗಳನ್ನು ಕೂಡಿಸಿ ತೂಗಲೇಬೇಕೆಂದು ಶಾಸನವು ಹೇಳುವುದಿಲ್ಲವೆಂದು 2009ರಲ್ಲಿ ತೀರ್ಪಾಯಿತು.

ಈ ತೀರ್ಪನ್ನು ನಿರ್ದಯವೆನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಾಯುವುದು ತನ್ನಷ್ಟಕ್ಕೆ ಒಂದು ಪುಣ್ಯವಲ್ಲ. ಮೊದಲೇ ತಿಳಿದು ಹೆಸರು ಬರೆಯಿಸಿದ ಜಾಣನೂ ಕಾದವನೇ. ಆದರೂ ಅಂಕಗಳ ತಕ್ಕಡಿಯಲ್ಲೊಂದು ಸೂಕ್ಷ್ಮವಾದ ಕ್ರೌರ್ಯವಿದೆ. ಮಗುವಿನ ಉಬ್ಬಸವು ಗುಣವಾದರೆ ತಂದೆಯು ಸಂತೋಷಪಡಬೇಕೋ, ಅಂಕಗಳು ಇಳಿದುವೆಂದು ಕೊರಗಬೇಕೋ? ತನ್ನ ಹುಣ್ಣನ್ನು ಬಿಚ್ಚಿ ತೋರಿಸಲು ಅರಿತವನು ಮುಂದಾಗುತ್ತಾನೆ. ಮಾನವಂತನು ಮೌನದಿಂದ ಹಿಂದುಳಿಯುತ್ತಾನೆ. ತಾರೀಖಾದರೋ ಯಾರ ಮುಖವನ್ನೂ ನೋಡುವುದಿಲ್ಲ. ಪ್ರಾಣಾಪಾಯವಿದ್ದವರನ್ನು ಮೊದಲು ಎತ್ತಿಕೊಂಡು, ಉಳಿದವರಲ್ಲಿ ಸರದಿಯನ್ನು ಮನ್ನಿಸುವುದೇ ಮೇಲೆಂದು ತೋರುತ್ತದೆ. ಬಂದ ಕಷ್ಟಗಳ ನಡುವೆ ಕೂದಲು ಸೀಳುವಷ್ಟು ನಿಖರವಾದ ತಕ್ಕಡಿಯು ಯಾವ ಕಚೇರಿಯಲ್ಲಿಯೂ ಇಲ್ಲ.

ಹಂಚಿಕೆಯ ನ್ಯಾಯವನ್ನು ಹೀಗೆ ಜಿಜ್ಞಾಸೆಮಾಡುತ್ತಿರುವಾಗ ಹಂಚಬೇಕಾದ ವಸ್ತುವೇ ಕರಗಿತೆಂಬುದನ್ನು ಮರೆಯಲಾಗದು. 1980ರ ಶಾಸನವು ಬಾಡಿಗೆದಾರರಿಗೆ ಅವರವರ ಮನೆಗಳನ್ನು ರಿಯಾಯಿತಿಯಿಂದ ಕೊಳ್ಳುವ ಹಕ್ಕನ್ನಿತ್ತಿತು; ಅಂದಿನಿಂದ ಸುಮಾರು 20 ಲಕ್ಷ ಮನೆಗಳು ಮಾರಾಟವಾದುವು. ಕೊಂಡವರಿಗೆ ಅದು ಭಾಗ್ಯವೇ ಸರಿ. ಆದರೆ ಅವುಗಳ ಸ್ಥಾನದಲ್ಲಿ ಅಷ್ಟೇ ಮನೆಗಳು ಏಳಲಿಲ್ಲ. 2011ರ ಶಾಸನವಾದ ಮೇಲೆ, ಪಟ್ಟಿಗೆ ಯಾರು ಅರ್ಹರೆಂಬುದನ್ನು ಸಂಸ್ಥೆಗಳೇ ಬಹುಮಟ್ಟಿಗೆ ಗೊತ್ತುಮಾಡಬಹುದಾಯಿತು. ಇಷ್ಟು ವರ್ಷ ಊರಿನಲ್ಲಿ ವಾಸವಾಗಿರಬೇಕೆಂಬ ನಿಬಂಧನೆಯನ್ನು ಅನೇಕ ಸಂಸ್ಥೆಗಳು ತಂದುವು. ಪಟ್ಟಿಯು ಕುಗ್ಗಿತು, ಹೆಸರು ಅಳಿಸಿದವನ ತಲೆಯ ಮೇಲೆ ಮಾಡು ಬರಲಿಲ್ಲ. ಹಾಗಿದ್ದರೂ 2024ರಲ್ಲಿ ಇಂಗ್ಲೆಂಡಿನ ಪಟ್ಟಿಗಳಲ್ಲಿದ್ದ ಸಂಸಾರಗಳು 13 ಲಕ್ಷವನ್ನು ಮೀರಿದ್ದುವು.

ಅರ್ಜಿದಾರನು ತನಗೆ ತಕ್ಕ ಮನೆ ದೊರೆಯುವುದು ಸಂಭವವೇ, ದೊರೆಯುವುದಾದರೆ ಎಷ್ಟು ಕಾಲ ಕಾಯಬೇಕೆಂದು ಕೇಳಿದರೆ, ಅದನ್ನು ಅಂದಾಜುಮಾಡಿಕೊಳ್ಳುವಷ್ಟು ವಿವರವನ್ನು ಸಂಸ್ಥೆಯು ಒದಗಿಸಬೇಕೆಂದು ಅದೇ ಶಾಸನವು ವಿಧಿಸುತ್ತದೆ. ಉತ್ತರ ಬರೆಯಲು ಕುಳಿತ ಗುಮಾಸ್ತೆಯ ಮುಂದೆ ಆ ವರ್ಷ ತೆರವಾಗುವ ಮನೆಗಳ ಲೆಕ್ಕವೂ ಇರುತ್ತದೆ, ಕಾದಿರುವವರ ಲೆಕ್ಕವೂ ಇರುತ್ತದೆ.