ಧರ್ಮರಾಯನ ಕನಸು



ಮಹಾಭಾರತದ ಅರಣ್ಯಪರ್ವ ಎಂದೊಡನೆ ನಮಗೆ ನೆನಪಾಗುವುದು ನಳೋಪಾಖ್ಯಾನ, ಸಾವಿತ್ರಿಯ ಕಥೆ, ಯಕ್ಷಪ್ರಶ್ನೆ. ಇವುಗಳ ನಡುವೆ ಒಂದು ಪುಟ್ಟ ಅಧ್ಯಾಯವಿದೆ. ಮೃಗಸ್ವಪ್ನದ ಪ್ರಸಂಗವೆಂದು ಅದನ್ನು ಕರೆಯುತ್ತಾರೆ. ಓದಲು ಹತ್ತು ನಿಮಿಷ ಸಾಕು. ಆದರೆ ಹರಿಕಥೆಯಲ್ಲಾಗಲಿ ಬಯಲಾಟದಲ್ಲಾಗಲಿ ಅದನ್ನು ಕೇಳಿದವರು ನಮ್ಮಲ್ಲಿ ವಿರಳ. ಈ ಸಂಚಿಕೆಯಲ್ಲಿ ಅದನ್ನೇ ಚಿಂತನೆಗೆ ಎತ್ತಿಕೊಂಡಿದ್ದೇವೆ.

ಘೋಷಯಾತ್ರೆ ಮುಗಿದಿದೆ. ಪಾಂಡವರ ಕಷ್ಟ ನೋಡಿ ನಗಲೆಂದು ಬಂದ ದುರ್ಯೋಧನ ಗಂಧರ್ವರ ಕೈಗೆ ಸಿಕ್ಕಿ, ಪಾಂಡವರಿಂದಲೇ ಬಿಡುಗಡೆ ಹೊಂದಿ ಹಸ್ತಿನಾವತಿಗೆ ಮರಳಿದ್ದಾನೆ. ಪಾಂಡವರು ದ್ವೈತವನದಲ್ಲೇ ಇದ್ದಾರೆ. ಒಂದು ರಾತ್ರಿ ಧರ್ಮರಾಯನ ಕನಸಿನಲ್ಲಿ ಆ ಕಾಡಿನ ಜಿಂಕೆಗಳು ಬಂದು ನಿಲ್ಲುತ್ತವೆ. ಮೈ ನಡುಗುತ್ತಿದೆ, ಕಂಠ ಬಿಗಿದಿದೆ, ಕೈ ಮುಗಿದಿವೆ. ನೀವು ಯಾರು, ಏನು ಬೇಕು ಎಂದು ರಾಜ ಕೇಳುತ್ತಾನೆ. ಸತ್ತವರು ಸತ್ತು ಉಳಿದ ಜಿಂಕೆಗಳು ನಾವು ಎನ್ನುತ್ತವೆ ಅವು. ನಿನ್ನ ತಮ್ಮಂದಿರು ಶೂರರು, ಅಸ್ತ್ರವಿದ್ಯೆ ಬಲ್ಲವರು. ಅವರಿಂದಾಗಿ ಈ ಕಾಡಿನ ಕುಲಗಳು ಕ್ಷೀಣಿಸಿವೆ. ಬೀಜಕ್ಕೆಂಬಂತೆ ಕೆಲವರು ಮಾತ್ರ ಉಳಿದಿದ್ದೇವೆ. ನೀನು ವಾಸಸ್ಥಾನವನ್ನು ಬದಲಿಸಿದರೆ ನಾವು ಮತ್ತೆ ಹೆಚ್ಚಿಕೊಳ್ಳುತ್ತೇವೆ. ಇಷ್ಟೇ ಅವುಗಳ ಪ್ರಾರ್ಥನೆ.

ಧರ್ಮರಾಯ ವಾದಿಸುವುದಿಲ್ಲ. ವಾದಿಸಲು ಅವನಿಗೆ ಬೇಕಾದಷ್ಟು ಕಾರಣಗಳಿದ್ದವು. ಇದು ಬರೀ ಕನಸು ಎನ್ನಬಹುದಿತ್ತು. ಬೇಟೆ ಕ್ಷತ್ರಿಯರಿಗೆ ಶಾಸ್ತ್ರಸಮ್ಮತ ಎನ್ನಬಹುದಿತ್ತು. ತನ್ನನ್ನು ನಂಬಿ ಬಂದ ಬ್ರಾಹ್ಮಣರಿಗೂ ಅತಿಥಿಗಳಿಗೂ ಅನ್ನವಿಡಬೇಡವೇ ಎಂದು ಕೇಳಬಹುದಿತ್ತು. (ಪಾಂಡವರು ಬೇಟೆಯ ಆಹಾರವನ್ನೂ ಮೊದಲು ಅತಿಥಿಗಳಿಗೆ ನೀಡಿ ಆಮೇಲೆ ತಾವು ಉಣ್ಣುತ್ತಿದ್ದರು. ಇದು ನಮ್ಮಲ್ಲಿ ಕೆಲವರ ಮನಸ್ಸಿಗೆ ಹಿಡಿಸದಿರಬಹುದು. ಆದರೆ ವ್ಯಾಸರು ಮುಚ್ಚಿಡದ್ದನ್ನು ನಾವೇಕೆ ಮುಚ್ಚಿಡಬೇಕು?) ಇದಾವುದನ್ನೂ ಹೇಳದೆ ಅವನು ಹಾಗೇ ಆಗಲಿ ಎನ್ನುತ್ತಾನೆ. ಎಚ್ಚರವಾದೊಡನೆ ತಮ್ಮಂದಿರನ್ನು ಕರೆದು ಕನಸನ್ನು ತಿಳಿಸಿ, ಜಿಂಕೆಗಳು ನಿಜವನ್ನೇ ಹೇಳಿವೆ ಎಂದು ಒಪ್ಪಿಕೊಳ್ಳುತ್ತಾನೆ. ಎಲ್ಲರೂ ಗಂಟುಮೂಟೆ ಕಟ್ಟಿ ಕಾಮ್ಯಕವನಕ್ಕೆ, ಮರುಭೂಮಿಯ ಅಂಚಿಗೆ, ಹೊರಡುತ್ತಾರೆ. ರಾಜ್ಯ ಕಳೆದುಕೊಂಡು ಕಾಡಿಗೆ ಬಂದವರು ಜಿಂಕೆಗಳಿಗಾಗಿ ಆ ಕಾಡನ್ನೂ ಬಿಟ್ಟುಕೊಟ್ಟರು.

ಬೀಜ ಎಂಬ ಆ ಒಂದು ಮಾತಿನ ಮೇಲೆ ಸ್ವಲ್ಪ ನಿಲ್ಲೋಣ. ಕಣಜದಲ್ಲಿ ಧಾನ್ಯ ಮುಗಿದು ಮಕ್ಕಳು ಗಂಜಿ ಕುಡಿದು ಮಲಗಿದರೂ ಬಿತ್ತನೆಯ ಭತ್ತಕ್ಕೆ ಕೈ ಹಾಕದ ಹಿರಿಯರ ಮನೆಗಳಿಂದ ನಾವು ಹಲವರು ಬಂದಿದ್ದೇವೆ. ಅದು ಮುಂದಿನ ಮಳೆಗಾಲದ ಆಸೆ. ಜಿಂಕೆಗಳು ಕೇಳಿದ್ದೂ ಅದನ್ನೇ. ಅವು ಶಾಪ ಹಾಕಲಿಲ್ಲ. ತಮ್ಮನ್ನು ಸಾಕು ಎಂದೂ ಬೇಡಲಿಲ್ಲ. ನೀವು ಸ್ವಲ್ಪ ದೂರ ಸರಿದರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಭರವಸೆ ಅವುಗಳ ಮಾತಿನಲ್ಲಿತ್ತು.

ಹಾನಿ ಆದದ್ದು ಕ್ರೌರ್ಯದಿಂದಲ್ಲ, ಬಹುಮಟ್ಟಿಗೆ ಅತಿಥಿಸತ್ಕಾರದಿಂದ. ನಮ್ಮ ಅನ್ನಸಂತರ್ಪಣೆಯ ದಿನ ಊಟದ ಪಂಕ್ತಿ ಎದ್ದ ಮೇಲೆ ಹಿಂಬದಿಯ ಕಸದ ತೊಟ್ಟಿಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳು ತುಂಬಿ ಹೊರಚೆಲ್ಲುವುದನ್ನು ನೋಡುವಾಗ ಈ ಅಧ್ಯಾಯ ನೆನಪಾಗದೆ ಇರದು.

ನಮ್ಮ ಸ್ವಾಧ್ಯಾಯ ತರಗತಿಯಲ್ಲಿ ಹೈಸ್ಕೂಲಿನ ಒಬ್ಬ ಹುಡುಗಿ ನೇರವಾಗಿ ಕೇಳಿದಳು: ಕೃಷ್ಣಾರ್ಜುನರು ಖಾಂಡವವನವನ್ನು ಸುಟ್ಟದ್ದು ಸರಿಯೇ? ಭೂಮಿಯೇ ಹಾಳಾಗುತ್ತಿರುವಾಗ ಈ ಕಥೆಗಳನ್ನು ಓದಿ ಏನು ಪ್ರಯೋಜನ? ಶ್ವೇತಕಿಯ ಯಜ್ಞದ ತುಪ್ಪದಿಂದ ಅಗ್ನಿಗೆ ಅಜೀರ್ಣವಾದದ್ದು ಮೊದಲಾದ ವಿವರಗಳನ್ನೆಲ್ಲ ಹಿರಿಯರು ಹೇಳಿದರು. ಅವಳಿಗೆ ಸಮಾಧಾನವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ವ್ಯಾಸರು ಆ ಬೆಂಕಿಯಲ್ಲಿ ಬೆಂದ ಪ್ರಾಣಿಗಳ ಆರ್ತನಾದವನ್ನು ಅಡಗಿಸಲಿಲ್ಲ. ತಕ್ಷಕನ ಮಗ ಅಶ್ವಸೇನ, ಮಯ ಮತ್ತು ನಾಲ್ಕು ಶಾರ್ಙ್ಗಕ ಪಕ್ಷಿಗಳು ಅದರಿಂದ ಪಾರಾದವು ಎಂದು ಲೆಕ್ಕ ಕೊಟ್ಟರು. ತಾಯಿಯನ್ನು ಕಳೆದುಕೊಂಡ ಅದೇ ಅಶ್ವಸೇನ ಎಷ್ಟೋ ವರ್ಷಗಳ ಅನಂತರ ಕರ್ಣನ ಸರ್ಪಾಸ್ತ್ರವಾಗಿ ಅರ್ಜುನನ ಕೊರಳಿಗೆ ಬಂದದ್ದನ್ನೂ ಬರೆದರು. ಖಾಂಡವವನ್ನು ಸುಡಲೆಂದು ಗಾಂಡೀವ ಹಿಡಿದ ಅರ್ಜುನನೇ ಮುಂದೆ ಅಣ್ಣನ ಕನಸಿನ ಮಾತು ಕೇಳಿ ದ್ವೈತವನವನ್ನು ಬಿಟ್ಟು ನಡೆದ. ಎರಡೂ ಒಂದೇ ಗ್ರಂಥದಲ್ಲಿವೆ. ಸಾರಾಂಶವನ್ನಷ್ಟೇ ಕೇಳಿದವರಿಗೆ ಮೊದಲನೆಯದು ಸಿಗುತ್ತದೆ. ಎರಡನೆಯದು ಪುಟ ತಿರುವಿ ಓದಿದವರಿಗೆ ಮಾತ್ರ.

ಆ ಮಕ್ಕಳ ಹತಾಶೆಗೆ ಕಾರಣವಿಲ್ಲದಿಲ್ಲ. 2019-20ರ ಬೇಸಿಗೆಯಲ್ಲಿ ಸಿಡ್ನಿಯ ಮೇಲೆ ಹೊಗೆ ಕವಿದಿದ್ದನ್ನು ಅವರು ಕಿಟಕಿಯೊಳಗಿಂದ ಕಂಡವರು. ಆಸ್ಟ್ರೇಲಿಯಾದಲ್ಲಿ ಆಗ 240 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶ ಸುಟ್ಟಿತು. 2022ರಲ್ಲಿ ನಮ್ಮ ರಾಜ್ಯದ ಕೊವಾಲಾವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಆದರೆ ಅದೇ ಬೇಸಿಗೆಯ ಇನ್ನೊಂದು ಸಂಗತಿಯನ್ನೂ ಅವರಿಗೆ ಹೇಳಬೇಕು. ವೊಲ್ಲೆಮೈ ಪೈನ್ ಎಂಬ ಮರ 1994ರಲ್ಲಿ ನೀಲಿ ಬೆಟ್ಟಗಳ ಆಚೆಯ ಒಂದು ಆಳವಾದ ಕಣಿವೆಯಲ್ಲಿ ಕಂಡುಬಂದಿತ್ತು. ಅಲ್ಲಿಯವರೆಗೆ ಆ ಜಾತಿಯ ಮರಗಳನ್ನು ಬಲ್ಲವರು ಕಲ್ಲಿನೊಳಗಿನ ಪಳೆಯುಳಿಕೆಯಿಂದ ಮಾತ್ರ ಬಲ್ಲರು. ಕಾಡಿನಲ್ಲಿ ಬೆಳೆದು ನಿಂತ ಮರಗಳು ನೂರಕ್ಕಿಂತ ಕಡಿಮೆ. ಬೆಂಕಿ ಸಮೀಪಿಸಿದಾಗ ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಕಣಿವೆಗೆ ಇಳಿಸಿ, ನೆಲವನ್ನು ಒದ್ದೆಯಾಗಿಡಲು ನೀರಿನ ಕೊಳವೆಗಳನ್ನು ಹೂಡಿ, ಮೇಲಿನಿಂದಲೂ ನೀರು ಸುರಿದು ಆ ತೋಪನ್ನು ಉಳಿಸಿದರು. ಕೆಲವು ಮರಗಳು ಕರಿದವು, ತೋಪು ಉಳಿಯಿತು. ಆ ಕಣಿವೆ ಎಲ್ಲಿದೆ ಎಂಬುದನ್ನು ಸಾರ್ವಜನಿಕರಿಗೆ ತಿಳಿಸುವುದಿಲ್ಲ. ಪ್ರವಾಸಿಗರ ಚಪ್ಪಲಿಗೆ ಅಂಟಿದ ಮಣ್ಣಿನಿಂದಲೇ ಅದಕ್ಕೆ ರೋಗ ತಗಲಬಹುದು. ಇಲ್ಲೂ ಮಾಡಬೇಕಾದದ್ದು ದೂರ ಇರುವುದೇ.

ಇನ್ನು, ಈ ದಯೆಗೆ ಪಾಂಡವರಿಗೆ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ತಕ್ಷಣಕ್ಕೆ ಏನೂ ಸಿಗಲಿಲ್ಲ. ಕಾಮ್ಯಕವನದಲ್ಲಿಯೇ ಜಯದ್ರಥ ದ್ರೌಪದಿಯನ್ನು ಅಪಹರಿಸಿದ್ದು. ಆ ಹೊತ್ತಿಗೆ ಐವರೂ ಬೇಟೆಗೆ ಹೋಗಿದ್ದರು, ಅಂದರೆ ಬೇಟೆಯೂ ನಿಂತಿರಲಿಲ್ಲ. ಆದರೆ ಆ ಘಟನೆಯ ಬಳಿಕ ಧರ್ಮರಾಯ ಮಾರ್ಕಂಡೇಯ ಮುನಿಗಳ ಮುಂದೆ ಹೇಳಿಕೊಳ್ಳುವ ದುಃಖಗಳಲ್ಲಿ ಇದೂ ಒಂದು: ಕಾಡಿನಲ್ಲಿ ವಾಸಿಸುತ್ತಾ ಕಾಡಿನದೇ ಜೀವಿಗಳನ್ನು ಹಿಂಸಿಸಿ ಬದುಕಬೇಕಾಯಿತಲ್ಲ ಎಂದು. ಕನಸು ಅವನನ್ನು ಬಿಟ್ಟಿರಲಿಲ್ಲ.

ಪರ್ವದ ಕೊನೆಯಲ್ಲಿ ಅವರು ದ್ವೈತವನಕ್ಕೇ ಹಿಂದಿರುಗುತ್ತಾರೆ. ಈ ಬಾರಿ ಹಣ್ಣುಗಳನ್ನು ತಿಂದು, ಮಿತವಾಗಿ ಉಂಡು ಅಲ್ಲಿ ಇದ್ದರೆಂದು ವ್ಯಾಸರು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಆಗ ಒಬ್ಬ ಬ್ರಾಹ್ಮಣನ ಅರಣಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಒಂದು ಜಿಂಕೆ ಓಡುತ್ತದೆ. ಅದನ್ನು ಹಿಂಬಾಲಿಸಿ ಬಾಯಾರಿದ ತಮ್ಮಂದಿರು ಕೊಳದ ಬಳಿ ಹೋಗುವುದು, ಯಕ್ಷಪ್ರಶ್ನೆ, ಇವೆಲ್ಲ ನಮಗೆ ಗೊತ್ತಿದ್ದದ್ದೇ. ಆ ಜಿಂಕೆಯ ವೇಷದಲ್ಲಿ ಬಂದಿದ್ದವನು ಯಮಧರ್ಮ, ಧರ್ಮರಾಯನ ತಂದೆ.

ಮುಂದಿನ ತ್ರೈಮಾಸಿಕದ ಸ್ವಾಧ್ಯಾಯದಲ್ಲಿ ಮೃಗಸ್ವಪ್ನದಿಂದ ಯಕ್ಷಪ್ರಶ್ನೆಯವರೆಗೆ ಒಂದು ಅಧ್ಯಾಯವನ್ನೂ ಬಿಡದೆ ಓದಲಿದ್ದೇವೆ. ಕನ್ನಡ ಓದಲು ಬಾರದ ಮಕ್ಕಳಿಗೆ ಪಕ್ಕದಲ್ಲಿ ಕುಳಿತು ಅರ್ಥ ಹೇಳುವವರು ಬೇಕು. ಅಜ್ಜ ಅಜ್ಜಿಯರು ದಯವಿಟ್ಟು ಜೊತೆಗೆ ಬನ್ನಿ. ಪ್ರಸಾದಕ್ಕೆ ಮನೆಯಿಂದಲೇ ಒಂದೊಂದು ಸ್ಟೀಲಿನ ತಟ್ಟೆ ತನ್ನಿ.