ಉಡುವ ಬಟ್ಟೆಯೂ ಅಹಿಂಸಾಣುವ್ರತವೂ

ಶ್ರಾವಕನ ದಿನಚರಿಯಲ್ಲಿ ಆಹಾರದ ವಿಚಾರಕ್ಕೆ ದೊರೆತಷ್ಟು ಗಮನ ಉಡುಪಿನ ವಿಚಾರಕ್ಕೆ ದೊರೆತಿಲ್ಲ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ಕಂದಮೂಲಗಳನ್ನು ವರ್ಜಿಸುವುದು ಇವೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೇಳದೆಯೇ ಹರಿದುಬರುವ ಸಂಸ್ಕಾರಗಳು. ಆದರೆ ಅದೇ ಮನೆಯ ಟ್ರಂಕಿನಲ್ಲಿ ಮಡಿಸಿಟ್ಟ ಬಟ್ಟೆ ಎಷ್ಟು ಜೀವಗಳ ಬೆಲೆಗೆ ಬಂದಿತೆಂಬ ಪ್ರಶ್ನೆ ಏಳುವುದು ಅಪರೂಪ.

ತುಂಗಭದ್ರೆಯ ದಡದ ಹುಲಿಗಿಯಲ್ಲಾಗಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೇರೆ ಊರುಗಳಲ್ಲಾಗಲಿ ಚಳಿಗಾಲವೆಂದರೆ ಕೂಟಗಳ ಕಾಲ. ಸುಗ್ಗಿಯ ಹಣ ಕೈಗೆ ಬರುವ ಹೊತ್ತು. ಲಗ್ನಗಳು, ಆರತಕ್ಷತೆಗಳು, ಕೊಪ್ಪಳದ ಗವಿಮಠದ ಜಾತ್ರೆ, ಶಾಲೆಗಳ ವಾರ್ಷಿಕೋತ್ಸವ. ನಗರಗಳಲ್ಲಿ ನೌಕರಿಗೆ ಸೇರಿದ ಮಕ್ಕಳಿಗೆ ಡಿಸೆಂಬರಿನ ಕೊನೆಯಲ್ಲಿ ಕಛೇರಿಯ ವರ್ಷಾಂತ್ಯದ ಸಮಾರಂಭವೂ ಉಂಟು. ಇಂಥ ಕೂಟಗಳಲ್ಲಿ ಯಾವ ಹೊತ್ತಿಗೆ ಉಣ್ಣಬೇಕು, ಏನನ್ನು ಉಣ್ಣಬಾರದು ಎಂಬ ಬಗ್ಗೆ ಜೈನ ಕುಟುಂಬಗಳಲ್ಲಿ ಸಂದೇಹವಿಲ್ಲ. ಏನನ್ನು ಉಡಬೇಕು ಎಂಬ ಬಗ್ಗೆ ಮಾತ್ರ ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ವಾದ ಹುಟ್ಟುತ್ತಿದೆ. ಓದಿದ ಮಗಳು ರೇಷ್ಮೆ ಉಡಲಾರೆನೆನ್ನುತ್ತಾಳೆ. ಲಗ್ನದ ಮನೆಗೆ ಅರಿವೆಯ ಸೀರೆಯಲ್ಲಿ ಹೋದರೆ ಬೀಗರ ಮುಂದೆ ಮನೆತನದ ಮಾನವೇನು ಎಂದು ತಾಯಿ ಕೇಳುತ್ತಾಳೆ. ಇಬ್ಬರ ಮಾತಿನಲ್ಲಿಯೂ ಧರ್ಮದ ಒಂದೊಂದು ಎಳೆಯಿದೆ. ಆದುದರಿಂದಲೇ ಇದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಶಾಸ್ತ್ರದ ನೆಲೆಯನ್ನು ನೋಡಬೇಕು. ಗೃಹಸ್ಥನ ಹಿಂಸೆಯನ್ನು ಆಚಾರ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಅಡಿಗೆ, ಕಸಗುಡಿಸುವುದು ಮೊದಲಾದವುಗಳಲ್ಲಿ ಆಗುವ ಆರಂಭೀ ಹಿಂಸೆ, ಕೃಷಿ, ವ್ಯಾಪಾರಾದಿಗಳಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ ಹಿಂಸೆ, ಕೊಲ್ಲುವ ಉದ್ದೇಶದಿಂದಲೇ ಮಾಡುವ ಸಂಕಲ್ಪೀ ಹಿಂಸೆ. ಮೊದಲ ಮೂರರಲ್ಲಿ ಶ್ರಾವಕನಿಗೆ ಯತ್ನಾಚಾರವನ್ನು ವಿಧಿಸಲಾಗಿದೆ. ನಾಲ್ಕನೆಯದನ್ನು ಅವನು ಪೂರ್ಣವಾಗಿ ತ್ಯಜಿಸಬೇಕು. ತ್ರಸಜೀವಿಗಳ ವಿಷಯದಲ್ಲಿ ಈ ತ್ಯಾಗ ಮನ, ವಚನ, ಕಾಯಗಳಿಂದಲೂ ಕೃತ, ಕಾರಿತ, ಅನುಮೋದನೆಗಳಿಂದಲೂ ಆಗಬೇಕೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಆಶಯ. ಅದೇ ಗ್ರಂಥ ಒಮ್ಮೆ ಬಳಸಿ ಮುಗಿಯುವ ಅನ್ನಾದಿಗಳನ್ನು ಭೋಗವೆಂದೂ ಮರಳಿ ಮರಳಿ ಬಳಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ಕರೆದು, ಎರಡಕ್ಕೂ ಪರಿಮಾಣವನ್ನು ಹೇಳುತ್ತದೆ. ಎಂದರೆ ಬಟ್ಟೆಯ ಆಯ್ಕೆ ಕೇವಲ ಅಭಿರುಚಿಯ ಮಾತಲ್ಲ. ಅದು ವ್ರತದ ವ್ಯಾಪ್ತಿಗೆ ಸೇರಿದ ಮಾತು.

ಇನ್ನು ರೇಷ್ಮೆಯ ವಾಸ್ತವವನ್ನು ನೋಡಬೇಕು. ಹಿಪ್ಪುನೇರಳೆ ಸೊಪ್ಪನ್ನು ತಿಂದು, ನಾಲ್ಕು ಸಲ ಪೊರೆ ಕಳಚಿ, ಸುಮಾರು ಇಪ್ಪತ್ತೈದು ದಿನಗಳಲ್ಲಿ ಹಣ್ಣಾದ ಹುಳು ತನ್ನ ಬಾಯಿಂದ ಹೊರಡುವ ಎಳೆಯಿಂದ ತನ್ನ ಸುತ್ತ ಗೂಡು ಕಟ್ಟುತ್ತದೆ. ಒಳಗೆ ಕೋಶಾವಸ್ಥೆಯನ್ನು ತಾಳಿ, ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ ಗೂಡನ್ನು ಸೀಳಿ ಹೊರಬರುವುದು ಅದರ ಸ್ವಭಾವ. ಸೀಳಿದ ಗೂಡಿನಿಂದ ನೂರಾರು ಮೀಟರ್ ಉದ್ದದ ಅಖಂಡ ಎಳೆ ದೊರೆಯದು. ಆದುದರಿಂದ ಹೊರಬರುವ ಮುನ್ನವೇ ಹಬೆಯಿಂದಲೋ ಬಿಸಿಗಾಳಿಯಿಂದಲೋ ಒಳಗಿನ ಜೀವವನ್ನು ಕೊಂದು, ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳು ಕಿಲೋದಷ್ಟು ಗೂಡು ಬೇಕು. ಒಂದು ಗೂಡಿನ ತೂಕ ಒಂದೂವರೆಯಿಂದ ಎರಡು ಗ್ರಾಂ. ಈ ಲೆಕ್ಕ ಹಿಡಿದರೆ ಅರ್ಧ ಕಿಲೋ ತೂಗುವ ಒಂದು ಸೀರೆಯ ಹಿಂದೆ ಎರಡು ಸಾವಿರದಷ್ಟು ಜೀವಗಳಿವೆ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆಯ ಉತ್ಪಾದನೆಗೆ ಹೆಸರಾದ ನಾಡು ಕರ್ನಾಟಕವೇ. ಇದು ದೂರದೇಶದ ಸಂಗತಿಯಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪವೆಂದರೆ, ಉಟ್ಟವರು ಕೊಂದವರಲ್ಲವಲ್ಲ ಎಂಬುದು. ಹುಳುವನ್ನು ಸಾಕಿದವನು ರೈತ, ಬೇಯಿಸಿದವನು ನೂಲು ಬಿಚ್ಚುವವನು, ಮಾರಿದವನು ವರ್ತಕ. ಉಡುವವಳಿಗೆ ಯಾವ ಪಾಪ ಎಂದು ಕೇಳಬಹುದು. ಆದರೆ ಈ ವಾದವನ್ನು ಒಪ್ಪಿದರೆ ಮಾಂಸದ ಅಂಗಡಿಯ ಮುಂದೆ ನಿಲ್ಲುವ ಗ್ರಾಹಕನೂ ನಿರ್ದೋಷಿಯೇ ಆಗಬೇಕಾಗುತ್ತದೆ. ಅವನೂ ಕತ್ತಿ ಹಿಡಿದವನಲ್ಲ. ಶಾಸ್ತ್ರ ಕೃತದ ಜೊತೆಗೆ ಕಾರಿತವನ್ನೂ ಅನುಮೋದನೆಯನ್ನೂ ಸೇರಿಸಿದ್ದು ಈ ನುಣುಚುವ ದಾರಿಯನ್ನು ಮುಚ್ಚುವುದಕ್ಕಾಗಿಯೇ. ಕರ್ನಾಟಕದಲ್ಲಿ ದೇವಸ್ಥಾನಗಳ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು 1959ರಲ್ಲಿಯೇ ಆಯಿತು. ಜಾತ್ರೆಗಳಲ್ಲಿ ಬಲಿ ನಿಲ್ಲಬೇಕೆಂದು ಹೇಳುವ ಜೈನರ ಧ್ವನಿ ಗೌರವಾರ್ಹವಾದುದು. ಆದರೆ ಹರಕೆ ಹೊತ್ತ ಬಡವನಿಗೆ ಒಂದು ಕುರಿಯ ಬಗ್ಗೆ ಉಪದೇಶ ಮಾಡುವ ಶ್ರಾವಕನು, ತನ್ನ ಮನೆಯ ಲಗ್ನದಲ್ಲಿ ಹತ್ತು ಸೀರೆಗಳನ್ನು ಉಡುಗೊರೆ ಕೊಡುವಾಗ ಇಪ್ಪತ್ತು ಸಾವಿರ ಜೀವಗಳ ಲೆಕ್ಕವನ್ನು ಮರೆತರೆ, ಆ ಉಪದೇಶಕ್ಕೆ ಬಲವೆಲ್ಲಿಂದ ಬರಬೇಕು? ಪಂಚೇಂದ್ರಿಯ ಜೀವಕ್ಕೂ ಕೀಟಕ್ಕೂ ಅಂತರವಿದೆಯೆಂಬುದು ನಿಜ. ಆದರೆ ಆ ಅಂತರ ಹಿಂಸೆಯ ತಾರತಮ್ಯವನ್ನು ಹೇಳುತ್ತದೆಯೇ ಹೊರತು ಅನುಮತಿಯನ್ನು ಕೊಡುವುದಿಲ್ಲ. ಹುಳುವೂ ತ್ರಸಜೀವಿಯೇ.

ಎರಡನೆಯ ಆಕ್ಷೇಪ ಸಂಪ್ರದಾಯದ್ದು. ರೇಷ್ಮೆ ಮಡಿ, ರೇಷ್ಮೆ ಮಂಗಳಕರ. ಹಿರಿಯರು ಉಟ್ಟರು, ಪೂಜೆಯಲ್ಲಿಯೂ ಉಟ್ಟರು ಎಂಬುದು. ರೂಢಿ ಹಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಜೈನ ಪರಂಪರೆಯ ಒಳಗೇ ಇನ್ನೊಂದು, ಇದಕ್ಕಿಂತ ಆಳವಾದ ಧಾರೆಯಿದೆ. ದಿಗಂಬರ ಮುನಿಗಳು ವಸ್ತ್ರವನ್ನೇ ತ್ಯಜಿಸುತ್ತಾರೆ; ಆರ್ಯಿಕೆಯರು ಉಡುವುದು ಒಂದು ಬಿಳಿಯ ಹತ್ತಿಯ ಸೀರೆ. ಮುನಿಗಳ ಕೈಯ ಪಿಂಛಿಗೆ ಬಳಸುವುದು ನವಿಲು ತಾನಾಗಿ ಉದುರಿಸಿದ ಗರಿಗಳನ್ನು, ಕಿತ್ತ ಗರಿಗಳನ್ನಲ್ಲ. ಅಹಿಂಸೆಯ ಉಪಕರಣವೇ ಹಿಂಸೆಯಿಂದ ಬರಬಾರದೆಂಬ ಎಚ್ಚರ ಅದರಲ್ಲಿದೆ. ಕವಿಚಕ್ರವರ್ತಿ ರನ್ನನು 993ರ ಅಜಿತಪುರಾಣದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ನಡತೆಯ ಪವಿತ್ರತೆಗೆ ಹೋಲಿಕೆಗಳನ್ನು ಹುಡುಕಿದಾಗ, ಗಂಗಾಜಲ ಮತ್ತು ಅಜಿತಸೇನಾಚಾರ್ಯರ ಗುಣಗಳ ಜೊತೆಗೆ ಅವನು ಹೆಸರಿಸಿದ್ದು ಬಿಳಿಯ ಅರಳೆಯನ್ನು ಮತ್ತು ಕೊಪಣಾಚಲವನ್ನು. ಕೊಪಣವೆಂದರೆ ಇಂದಿನ ಕೊಪ್ಪಳವೇ. ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕಲ್ಲಿನಲ್ಲಿ ಉಳಿಸಿಕೊಂಡ ತೀರ್ಥ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, ಸಿರಿವಂತಿಕೆಯಲ್ಲಿ ಕೊರತೆಯಿಲ್ಲದ ಆ ಮಹಿಳೆಯ ಪರಿಶುದ್ಧಿಗೆ ಕವಿಯ ಮನಸ್ಸು ಆರಿಸಿಕೊಂಡ ವಸ್ತು ಹತ್ತಿ ಎಂಬುದು, ಈ ಸೀಮೆಯ ಶ್ರಾವಿಕೆಯರು ನೆನೆಯಬೇಕಾದ ಸಂಗತಿ. ಅರಿವೆಯ ಸೀರೆ ಉಟ್ಟರೆ ಮಾನ ಕಡಿಮೆಯಾಗುವುದೆಂಬುದು ಹಳೆಯ ಸಂಪ್ರದಾಯವಲ್ಲ; ಅದು ಪೇಟೆಯ ಮಾತು.

ಮೂರನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಅಜ್ಜಿಯ ಕಾಲದ ರೇಷ್ಮೆ ಸೀರೆ ಈಗಾಗಲೇ ಮನೆಯಲ್ಲಿದೆ. ಅದನ್ನು ಉಟ್ಟರೆ ಹೊಸದಾಗಿ ಯಾವ ಜೀವವೂ ಸಾಯುವುದಿಲ್ಲ. ಎಸೆದರೆ ಸತ್ತ ಜೀವ ಮರಳುವುದೂ ಇಲ್ಲ. ಆದುದರಿಂದ ಹಳೆಯ ಸೀರೆಯನ್ನು ಉಡುವವಳನ್ನು ದೂಷಿಸುವುದು ಉಚಿತವಲ್ಲ. ಆದರೂ ಎರಡು ಮಾತುಗಳನ್ನು ತೂಗಿ ನೋಡಬೇಕು. ಸಭೆಯಲ್ಲಿ ಉಟ್ಟ ಬಟ್ಟೆ ನೋಡುವವರಿಗೆ ಹಳೆಯದೋ ಹೊಸದೋ ತಿಳಿಯದು. ಅದು ಮೆಚ್ಚುಗೆಯನ್ನು ಹುಟ್ಟಿಸಿ ಇನ್ನೊಬ್ಬಳ ಖರೀದಿಗೆ ಕಾರಣವಾಗಬಹುದು. ಇನ್ನೊಂದೆಡೆ, ಅಜ್ಜಿಯ ನೆನಪನ್ನು ಗೌರವದಿಂದ ಕಾಪಾಡುವುದೂ ಒಂದು ಸದ್ಗುಣ. ಇಲ್ಲಿ ಒಂದೇ ಉತ್ತರ ಎಲ್ಲ ಮನೆಗಳಿಗೂ ಹೊಂದದು. ಹಳೆಯದನ್ನು ಇರಿಸಿಕೊಳ್ಳುವುದೋ ಬಿಡುವುದೋ ಆಯಾ ಮನೆಯ ವಿವೇಕಕ್ಕೆ ಸೇರಿದ್ದು. ಹೊಸದನ್ನು ಕೊಳ್ಳದಿರುವುದು ಮಾತ್ರ ವ್ರತಕ್ಕೆ ಸೇರಿದ್ದು.

ಬದಲಿಗೆ ಏನು ಎಂಬುದರಲ್ಲಿಯೂ ಅವಸರ ಸಲ್ಲದು. ಆಂಧ್ರಪ್ರದೇಶ ಸರ್ಕಾರದ ಕೈಮಗ್ಗ ಕ್ಷೇತ್ರದಲ್ಲಿ ಅಧಿಕಾರಿಯಾಗಿದ್ದ ಕುಸುಮ ರಾಜಯ್ಯನವರು 1990ರ ದಶಕದಿಂದ, ಪತಂಗ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವ ವಿಧಾನವನ್ನು ಬೆಳೆಸಿದರು; ಅದಕ್ಕೆ ಅಹಿಂಸಾ ರೇಷ್ಮೆಯೆಂಬ ಹೆಸರಾಯಿತು. ಕುದಿನೀರಿನ ಕೊಲೆ ಅದರಲ್ಲಿ ಇಲ್ಲವೆಂಬುದು ದೊಡ್ಡ ಮಾತು. ಆದರೆ ಸಾವಿರಾರು ವರ್ಷಗಳ ಸಾಕಣೆಯಿಂದ ಆ ಪತಂಗ ಹಾರುವ ಶಕ್ತಿಯನ್ನು ಕಳೆದುಕೊಂಡಿದೆ, ಉಣ್ಣಲೂ ಆರದು, ಕೆಲವೇ ದಿನ ಬದುಕಿ ನೂರಾರು ತತ್ತಿಗಳನ್ನಿಟ್ಟು ಸಾಯುತ್ತದೆ. ಆ ತತ್ತಿಗಳಿಂದ ಹೊರಡುವ ಮರಿಗಳೆಲ್ಲಕ್ಕೂ ಸೊಪ್ಪು ಹಾಕುವವರಾರು ಎಂಬ ಪ್ರಶ್ನೆ ಉಳಿಯುತ್ತದೆ. ಹಿಂಸೆ ಕಡಿಮೆಯಾಯಿತೆನ್ನಬಹುದು, ಮುಗಿಯಿತೆನ್ನಲಾಗದು. ಕೃತಕ ರೇಷ್ಮೆಯಾದ ರೇಯಾನ್ ಮರದ ತಿರುಳಿನಿಂದ ಬರುತ್ತದೆ. ತುಂಗಭದ್ರೆಯ ಮೇಲುಹರಿವಿನಲ್ಲಿ ಅಂಥ ತಿರುಳನ್ನು ತಯಾರಿಸುವ ಕಾರ್ಖಾನೆಯ ತ್ಯಾಜ್ಯದಿಂದ ಮೀನುಗಳು ಸತ್ತುವೆಂದು 1980ರ ದಶಕದಲ್ಲಿ ಜನ ಚಳವಳಿ ಹೂಡಿದರು. ಹುಲಿಗಿಯ ದಡವನ್ನು ತಾಗುವುದು ಅದೇ ನದಿಯ ನೀರು. ಹತ್ತಿಯ ಹೊಲದಲ್ಲಿಯೂ ಕೀಟನಾಶಕವಿದೆ. ಹೀಗೆ ಸಂಪೂರ್ಣ ನಿರ್ದೋಷವಾದ ವಸ್ತ್ರವನ್ನು ಗೃಹಸ್ಥನು ಕಾಣಲಾರನು. ಆದರೆ ಇದರಿಂದ ಎಲ್ಲವೂ ಸಮ ಎಂದು ತೀರ್ಮಾನಿಸುವುದು ತಪ್ಪು. ಹೊಲದಲ್ಲಿ ಆಗುವ ಹಿಂಸೆ ಬೆಳೆಯ ರಕ್ಷಣೆಯ ಜೊತೆ ಬಂದದ್ದು, ಯತ್ನದಿಂದ ಕುಗ್ಗಿಸಬಹುದಾದದ್ದು. ಗೂಡನ್ನು ಬೇಯಿಸುವಲ್ಲಿ ಜೀವದ ನಾಶವೇ ಉದ್ದೇಶಪೂರ್ವಕವಾದ ಕ್ರಮ. ಅನಿವಾರ್ಯಕ್ಕೂ ಸಂಕಲ್ಪಕ್ಕೂ ಇರುವ ಈ ಗೆರೆಯನ್ನೇ ಅಣುವ್ರತ ಎಳೆದಿರುವುದು.

ಚಳಿಯ ಬಟ್ಟೆಗೂ ಇದೇ ತೂಕ. ಈ ಸೀಮೆಯ ಚಳಿ ಹಿಮಾಲಯದ ಚಳಿಯಲ್ಲ. ದಪ್ಪ ಹತ್ತಿಯ ಹೊದಿಕೆ ಸಾಕಾಗುತ್ತದೆ. ಕುರುಬರ ಕಂಬಳಿಗೆ ಉಣ್ಣೆಯನ್ನು ಕತ್ತರಿಸುತ್ತಾರೆ, ಕುರಿಯನ್ನು ಕೊಲ್ಲಬೇಕಾಗಿಲ್ಲ. ಆದರೆ ಶಹತೂಷ್ ಶಾಲಿಗಾಗಿ ಟಿಬೆಟಿನ ಚಿರು ಎಂಬ ಪ್ರಾಣಿಯನ್ನು ಕೊಲ್ಲಲಾಗುತ್ತಿತ್ತು, ಕಾನೂನು ಅದನ್ನು ನಿಷೇಧಿಸಿದೆ. ಉಣ್ಣೆಯೆಂಬ ಒಂದೇ ಹೆಸರಿನ ಒಳಗೆ ಇಷ್ಟು ಅಂತರವಿದೆ. ಚರ್ಮದ ಬೆಲ್ಟು, ಪಾಕೀಟುಗಳನ್ನು ಬಸದಿಯ ಹೊರಗೆ ಬಿಡುವವರು ಕೂಟಕ್ಕೆ ಹೋಗುವಾಗ ಏಕೆ ಧರಿಸಬೇಕೆಂಬುದನ್ನೂ ಕೇಳಿಕೊಳ್ಳಬಹುದು.

ನೇಕಾರನ ಜೀವನೋಪಾಯದ ಮಾತನ್ನು ಬಿಡುವಂತಿಲ್ಲ. ಕುಷ್ಟಗಿಗೆ ಸಮೀಪದ ಇಳಕಲ್ಲಿನ ಸೀರೆ ಈ ಭಾಗದ ಹೆಣ್ಣುಮಕ್ಕಳ ಹೆಮ್ಮೆ. ಅದರ ಮೈ ಹತ್ತಿಯದೂ ಆಗುತ್ತದೆ, ರೇಷ್ಮೆಯದೂ ಆಗುತ್ತದೆ. ಕೆಂಪು ಸೆರಗನ್ನು ಸಾಂಪ್ರದಾಯಿಕವಾಗಿ ರೇಷ್ಮೆಯಲ್ಲಿ ನೆಯ್ದು ಕೊಂಡಿ ಹಾಕಿ ಮೈಗೆ ಜೋಡಿಸುತ್ತಾರೆ. ರೇಷ್ಮೆ ಬಿಟ್ಟರೆ ನೇಕಾರ ಕೆಡುತ್ತಾನೆಂಬುದು ಸರಿಯಲ್ಲ. ಅವನ ಕೌಶಲವಿರುವುದು ಕೈಯಲ್ಲಿ, ಹುಳುವಿನಲ್ಲಲ್ಲ. ಸೆರಗು ಸಹಿತ ಪೂರ್ಣ ಹತ್ತಿಯಲ್ಲಿ ಮುಂಗಡ ಕೊಟ್ಟು ನೆಯ್ಯಿಸಿ, ನ್ಯಾಯವಾದ ಮಜೂರಿ ಕೊಟ್ಟರೆ, ಲಗ್ನಕ್ಕೆ ಒಪ್ಪುವ ಸೀರೆಯೂ ಆಯಿತು, ಮಗ್ಗವೂ ಉಳಿಯಿತು. ರೇಷ್ಮೆಯ ಬೆಲೆಯಲ್ಲಿ ಉಳಿದ ಹಣ ಚತುರ್ವಿಧ ದಾನಕ್ಕೆ ಸಲ್ಲಬಹುದು.

ಕೊನೆಯದಾಗಿ, ತ್ಯಾಗವೇ ಕಷಾಯವಾಗದಂತೆ ನೋಡಿಕೊಳ್ಳಬೇಕು. ಹತ್ತಿಯುಟ್ಟ ಮಗಳು ಸಭೆಯಲ್ಲಿ ರೇಷ್ಮೆಯುಟ್ಟ ಚಿಕ್ಕಮ್ಮನನ್ನು ಹೀಯಾಳಿಸಿದರೆ, ಹುಳುವನ್ನು ಉಳಿಸಿ ಮನುಷ್ಯರ ಮನಸ್ಸನ್ನು ನೋಯಿಸಿದಂತಾಯಿತು. ಮಾನಕಷಾಯ ಬಟ್ಟೆಯ ಬೆಲೆ ನೋಡಿ ಬರುವುದಿಲ್ಲ. ತಾಯಿಯ ಮಾತಿನಲ್ಲಿ ಬೀಗರಿಗೆ ಸಲ್ಲಬೇಕಾದ ಆದರದ ಚಿಂತೆಯಿದೆ, ಅದು ಸಣ್ಣದಲ್ಲ. ಶುಭ್ರವಾಗಿ ಒಗೆದು, ಗಂಜಿ ಹಾಕಿ, ಅಚ್ಚುಕಟ್ಟಾಗಿ ಉಟ್ಟ ಹತ್ತಿಯ ಸೀರೆ ಆ ಆದರವನ್ನು ಸಲ್ಲಿಸಬಲ್ಲದು. ಕಾರಣ ಕೇಳಿದವರಿಗೆ ಒಂದು ಮಾತಿನಲ್ಲಿ ಹೇಳಿದರೆ ಸಾಕು. ಕೇಳದವರಿಗೆ ಹೇಳುವ ಅಗತ್ಯವಿಲ್ಲ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ಹೆಚ್ಚಿನದು. ಅಭಿಷೇಕ, ಪೂಜೆಗಳಿಗೆ ಶುದ್ಧ ಹತ್ತಿಯ ಧೋತರ, ಉತ್ತರೀಯಗಳನ್ನು ಮಂಡಳಿಯೇ ಒದಗಿಸಬಹುದು. ಯಕ್ಷಿಯರಿಗೆ ಅರ್ಪಿಸುವ ಸೀರೆ ಹತ್ತಿಯದಾಗಿರಲೆಂದು ಭಕ್ತರಲ್ಲಿ ವಿನಂತಿಸಬಹುದು. ಸನ್ಮಾನಗಳಲ್ಲಿ ರೇಷ್ಮೆ ಶಾಲನ್ನು ಬಿಡಬಹುದು. ಪೂಜಾಸ್ಥಾನದಲ್ಲಿ ಬದಲಾದ ರೂಢಿ ಲಗ್ನದ ಚಪ್ಪರಕ್ಕೆ ತಾನಾಗಿ ಇಳಿದುಬರುತ್ತದೆ.

ಎಲ್ಲವೂ ಒಂದೇ ದಿನದಲ್ಲಿ ಆಗಬೇಕಾಗಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಕಿರುಶಾಸನಗಳಿವೆ. ಆ ಚಕ್ರವರ್ತಿಯೇ ಗಿರ್ನಾರ್ ಮೊದಲಾದೆಡೆ ಇರುವ ತನ್ನ ಮೊದಲನೆಯ ಬಂಡೆ ಶಾಸನದಲ್ಲಿ, ಅರಮನೆಯ ಅಡಿಗೆಗೆ ನಿತ್ಯವೂ ಅಸಂಖ್ಯ ಪ್ರಾಣಿಗಳನ್ನು ಕೊಲ್ಲುತ್ತಿದ್ದುದು ಈಗ ಎರಡು ನವಿಲು, ಒಂದು ಜಿಂಕೆಗೆ ಇಳಿದಿದೆಯೆಂದೂ ಮುಂದೆ ಅವೂ ನಿಲ್ಲುವುವೆಂದೂ ಮುಚ್ಚುಮರೆಯಿಲ್ಲದೆ ಬರೆಯಿಸಿದ್ದಾನೆ. ಪರಿಮಾಣವ್ರತದ ನಡೆಯೂ ಅಂಥದೇ. ಈ ಚಳಿಗಾಲದಲ್ಲಿ ಒಂದು ಕುಟುಂಬ, ಮುಂದಿನ ಅಕ್ಷಯತೃತೀಯೆಯವರೆಗೆ ಹೊಸ ರೇಷ್ಮೆಯನ್ನು ಕೊಳ್ಳುವುದಿಲ್ಲವೆಂದು ಬಸದಿಯಲ್ಲಿ ನಿಯಮ ಹಿಡಿಯಲಿ. ಅವಧಿ ಮುಗಿದ ಮೇಲೆ ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸುವುದು ಕಷ್ಟವಾಗದು.