ಕಾಯಿಲೆಯ ಮುಡಿಪು

ಕಾಯಿಲೆಗೆಂದು ನಾಲ್ಕು ಕಾಸು ಎತ್ತಿಡಬೇಕು ಎಂದು ಯಾರಾದರೂ ಬಾಯಿಬಿಟ್ಟರೆ ನಮ್ಮ ಕಡೆಯ ಹಿರಿಯರು "ಬಿಡ್ತು ಅನ್ನು" ಎಂದು ಗದರುತ್ತಿದ್ದರು. ಮದುವೆಗೆ ಕೂಡಿಡಬಹುದು, ಮನೆ ಕಟ್ಟಲು ಕೂಡಿಡಬಹುದು, ತನ್ನ ಮಣ್ಣಿಗೆ ಬೇಕಾದ ದುಡ್ಡನ್ನೂ ಮುದುಕಿಯೊಬ್ಬಳು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳಬಹುದು. ಕಾಯಿಲೆಗೆ ಮಾತ್ರ ಕೂಡಿಡಬಾರದು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಸಾವಿನ ಖರ್ಚನ್ನು ಅಂದಾಜು ಮಾಡಬಹುದು, ಎಷ್ಟು ತಿಂಗಳೆಂದು ತಿಳಿಯದ ಕಾಯಿಲೆಯ ಖರ್ಚನ್ನು ಹೇಗೆ ಅಂದಾಜು ಮಾಡುವುದು? ಲೆಕ್ಕಕ್ಕೆ ಸಿಗದ್ದನ್ನು ಬಾಯಿಗೂ ತರಬೇಡ ಎಂದರು, ಅಷ್ಟೆ.

ನನ್ನ ಊರು ಅನಂತಪುರ ಜಿಲ್ಲೆಯ ನೇಮಕಲ್ಲು. ಆಂಜನೇಯನ ಹೆಸರಿನಿಂದ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕಾಸರಗೋಡಿನ ಓದುಗರಿಗೆ ಪರಿಚಯ ಬೇಕಾದೀತು. ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ನಿಮ್ಮ ಸೀಮೆ ಕೇರಳಕ್ಕೆ ಸೇರಿದ್ದು ಅದಾಗಿ ಮೂರು ವರ್ಷಕ್ಕೆ. ಜೀವಕ್ಕೆ ಕಷ್ಟವೆಂದಾಗ ನೀವು ಮಂಗಳೂರಿನ ಕಡೆ ಮುಖ ಮಾಡುವಂತೆ ನಾವು ಬಳ್ಳಾರಿಯ ಕಡೆ ಮುಖ ಮಾಡುತ್ತೇವೆ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿ, ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ನಿಂತ ಸುದ್ದಿ ಓದಿದಾಗ ನಮ್ಮೂರಿನಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ವಿಮೆಯ ಮಾತಿಗೆ ಬರುತ್ತೇನೆ. ಅರವತ್ತು ದಾಟಿದ ಗಂಡಹೆಂಡಿರಿಗೆ ಖಾಸಗಿ ಕಂಪನಿಯವರು ಕೇಳುವ ವರ್ಷದ ಕಂತು ನಮ್ಮ ಕಡೆಯ ಒಣಭೂಮಿಯ ಶೇಂಗಾ ಬೆಳೆಗಾರನ ಕೈಗೆ ಎಟುಕುವಂಥದ್ದಲ್ಲ. ಎಟುಕಿದರೂ ಮಳೆ ಕೈಕೊಟ್ಟ ವರ್ಷ ಕಂತು ತಪ್ಪುತ್ತದೆ, ಪಾಲಿಸಿ ಬಿದ್ದುಹೋಗುತ್ತದೆ. ಸರಕಾರಗಳು ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. 2007ರ ಏಪ್ರಿಲ್ 1ರಂದು ಆಂಧ್ರದಲ್ಲಿ ರಾಜೀವ್ ಆರೋಗ್ಯಶ್ರೀ ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಅಲ್ಲಿಯವರೆಗೆ ಹೃದಯದ ಆಪರೇಷನ್ ಎಂದರೆ ಶ್ರೀಮಂತರ ಕಾಯಿಲೆ ಎಂದುಕೊಂಡಿದ್ದ ಜನ ಎದೆ ಕೊಯ್ಸಿಕೊಂಡು ಬದುಕಿ ಮನೆಗೆ ಬಂದರು. 2018ರ ಆಯುಷ್ಮಾನ್ ಭಾರತ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು ಭರಿಸುತ್ತದೆ. ಆಸ್ಪತ್ರೆಗೆ ಸೇರುವ ಮೊದಲಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧಿ, ತಪಾಸಣೆಗಳೂ ಅದರಲ್ಲಿ ಸೇರಿವೆ.

ನನ್ನ ಪ್ರಶ್ನೆ ಹದಿನಾರನೆಯ ದಿನದ್ದು.

ನಮ್ಮ ಚಿಕ್ಕಪ್ಪನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯ ಒಂಬತ್ತು ದಿನದ ಖರ್ಚನ್ನು ಕಾರ್ಡು ಕಟ್ಟಿತು. ಆಮೇಲೆ ಅವರು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ರಕ್ತದೊತ್ತಡದ ಮಾತ್ರೆ, ಬೆನ್ನಿನ ಹುಣ್ಣಿಗೆ ಪುಡಿ, ತಿಂಗಳಿಗೊಮ್ಮೆ ತೋರಿಸಲು ಆಟೋ ಬಾಡಿಗೆ, ಇವನ್ನೆಲ್ಲ ಮಗ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ. ಬರೆಯದೇ ಬಿಟ್ಟದ್ದು ಒಂದೇ: ಚಿಕ್ಕಮ್ಮ ಮೆಣಸಿನಕಾಯಿ ಬಿಡಿಸುವ ಕೂಲಿ ಬಿಟ್ಟು ಮನೆಯಲ್ಲಿ ಕೂತ ನಾಲ್ಕು ವರ್ಷದ ಸಂಬಳ. ಪುಸ್ತಕದ ಎಲ್ಲ ಖರ್ಚು ಕೂಡಿದರೂ ಅದರಷ್ಟಾಗುತ್ತಿರಲಿಲ್ಲ. ದೀರ್ಘ ಕಾಯಿಲೆ ತಿನ್ನುವುದು ದುಡ್ಡನ್ನಲ್ಲ, ಒಬ್ಬ ಆರೋಗ್ಯವಂತ ಮನುಷ್ಯನ ದಿನಗಳನ್ನು. ಆ ಮನುಷ್ಯ ಹೆಚ್ಚಾಗಿ ಹೆಂಗಸೇ ಆಗಿರುತ್ತಾಳೆ.

ಎರಡನೆಯ ವರ್ಷ ಬೆಂಗಳೂರಿಗೆ ಕರೆದೊಯ್ದು ತೋರಿಸೋಣ, ಎರಡು ಎಕರೆ ಮಾರೋಣ ಎಂಬ ಮಾತು ಬಂತು. ತೊದಲು ನಾಲಿಗೆಯಲ್ಲೇ ಚಿಕ್ಕಪ್ಪ "ನನ್ ಸಲುವಾಗಿ ಹೊಲ ಮಾರಬ್ಯಾಡ್ರಪ್ಪಾ" ಎಂದರು. ಊರೆಲ್ಲ ಆ ಮಾತನ್ನು ಹೊಗಳಿತು. ದೊಡ್ಡ ಮನುಷ್ಯ, ಮಕ್ಕಳ ಬಾಯಿಗೆ ಮಣ್ಣು ಹಾಕಲಿಲ್ಲ ಎಂದರು. ನನಗೆ ಈ ಹೊಗಳಿಕೆಯೇ ಕಸಿವಿಸಿಯಾಗುತ್ತದೆ. ತನ್ನ ಚಿಕಿತ್ಸೆಗೆ ತಾನೇ ಮಿತಿ ಹಾಕಿಕೊಳ್ಳುವ ಅಧಿಕಾರ ಮನುಷ್ಯನಿಗೆ ಇದೆಯೇ? ಇದೆ ಎಂದೇ ನನ್ನ ನಂಬಿಕೆ. ಫಲವಿಲ್ಲದ ಔಷಧೋಪಚಾರಕ್ಕೆ ಮೊಮ್ಮಕ್ಕಳ ಅನ್ನವನ್ನು ಅಡವಿಡಬೇಡಿ ಎಂದು ಹೇಳಲು ಯಾರಿಗೂ ಹಕ್ಕುಂಟು. ಆದರೆ ಆ ಮಾತನ್ನು ಗಟ್ಟಿಯಾಗಿರುವಾಗಲೇ, ಮನೆಯವರೆಲ್ಲರೆದುರು ಆಡಬೇಕು. ಹಾಸಿಗೆಯ ಮೇಲಿನಿಂದ ಬಂದರೆ ಅದು ಇಚ್ಛೆಯೋ, ನಾನು ಹೊರೆಯಾದೆನೆಂಬ ನಾಚಿಕೆಯೋ ಎಂದು ಬೇರ್ಪಡಿಸುವವರು ಯಾರು? ಉಳ್ಳವನ ಬಾಯಿಂದ ಇಂಥ ಮಾತು ಹೊರಡುವುದನ್ನು ನಾನಂತೂ ಕೇಳಿಲ್ಲ. ಬಡವನ ತ್ಯಾಗವನ್ನು ಹೊಗಳುವ ಸಮಾಜ ತನ್ನ ಖರ್ಚನ್ನು ಉಳಿಸಿಕೊಳ್ಳುತ್ತಿದೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಇನ್ನೂ ಒಂದು ಮಾತಿದೆ. ಬೆಂಗಳೂರು ಬೇಡ ಎನ್ನಬಹುದು. ನೋವಿಗೆ ಮಾತ್ರೆ ಬೇಡ, ಬಿಸಿಯನ್ನ ಬೇಡ, ಹತ್ತಿರ ಕೂತು ಮಾತಾಡುವವರು ಬೇಡ ಎಂದರೆ ಆ ಮಾತನ್ನು ಮನೆಯವರು ಒಪ್ಪಬಾರದು. ಮೊದಲನೆಯದಕ್ಕೆ ಹೊಲ ಮಾರಬೇಕಾದೀತು, ಎರಡನೆಯದಕ್ಕೆ ಬೇಕಾಗುವುದು ಆಳು.

2024ರ ನವೆಂಬರ್ 30ರಂದು ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಪಿಂಚಣಿ ಹಂಚಲು ನಮ್ಮ ನೇಮಕಲ್ಲಿಗೇ ಬಂದಿದ್ದರು. ಆ ವರ್ಷದ ಜುಲೈಯಿಂದ ವೃದ್ಧಾಪ್ಯದ ಪಿಂಚಣಿ 4000 ರೂಪಾಯಿ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸುವವರಿಗೆ 10,000, ಪೂರ್ತಿ ಹಾಸಿಗೆ ಹಿಡಿದವರಿಗೆ 15,000 ಆಯಿತು. ರಾಜಕೀಯ ಏನೇ ಇರಲಿ, ನನಗೆ ಮುಖ್ಯವೆನಿಸಿದ್ದು ಬೇರೆ: ಕಾಯಿಲೆಗೆ ಆಪರೇಷನ್ನಿನ ದಿನವಲ್ಲದೆ ತಿಂಗಳುಗಳೂ ಇವೆಯೆಂದು ಇಲ್ಲಿ ಸರಕಾರದ ಲೆಕ್ಕವೇ ಒಪ್ಪಿಕೊಂಡಿದೆ. ಹಿಂದಿನ ಸರಕಾರವೂ 2019ರ ಡಿಸೆಂಬರಿನಲ್ಲಿ ಆಪರೇಷನ್ ಆದವರ ವಿಶ್ರಾಂತಿಯ ಕಾಲಕ್ಕೆ ದಿನಕ್ಕೆ 225 ರೂಪಾಯಿಯಂತೆ, ತಿಂಗಳಿಗೆ 5000 ಮೀರದಂತೆ ಕೊಡಲು ಆರಂಭಿಸಿತ್ತು. ಆದರೆ ಪಿಂಚಣಿ ಪ್ರಮಾಣಪತ್ರದ ಮೇಲೆ ನಿಂತದ್ದು. 2025ರಲ್ಲಿ ಅಂಗವೈಕಲ್ಯದ ಪತ್ರಗಳ ಮರುಪರಿಶೀಲನೆ ನಡೆದಾಗ, ಸುಳ್ಳು ಪತ್ರದವರ ಜೊತೆಗೆ ನಿಜವಾಗಿ ನಡೆಯಲಾರದವರಿಗೂ ಅಂಜಿಕೆ ಹುಟ್ಟಿತು. ಅದನ್ನೇ ನಂಬಿ ಕೂರುವುದು ಹೇಗೆ?

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ನನ್ನ ಹೊಲದ ಕಳೆಗೆ ನೀವು ಬಂದರೆ ನಿಮ್ಮ ಹೊಲಕ್ಕೆ ನಾನು ಬರಬೇಕು, ಕೂಲಿಯಿಲ್ಲ. ಕಳೆ ಕೀಳಲು ಇರುವ ಮುಯ್ಯಾಳು ರೋಗಿಯ ಮಗ್ಗುಲು ತಿರುಗಿಸಲು ಏಕಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇದು ಹಗಲುಗನಸೆಂದು ನಗುವವರು ಮಲಪ್ಪುರಕ್ಕೆ ಹೋಗಿ ಬರಬೇಕು. ಮಲಯಾಳಿ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂತಾದವರು ಆರಂಭಿಸಿದ ಸಾಂತ್ವನ ಚಿಕಿತ್ಸೆ ಮುಂದೆ ಮಲಪ್ಪುರದಲ್ಲಿ ಊರವರ ಕೈಗೆ ಬಂತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ತರಬೇತಿ ಪಡೆದು ನೆರೆಯ ರೋಗಿಯ ಮನೆಗೆ ಹೋಗುತ್ತಾರೆ. ಅಂಗಡಿಗಳಲ್ಲಿ ಇಟ್ಟ ಡಬ್ಬಿಯ ಚಿಲ್ಲರೆಯಿಂದ ಔಷಧಿ ಬರುತ್ತದೆ. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯಾಗಿಸಿಕೊಂಡಿತು. ಗಡಿಯ ಆಚೆ ಈಚೆ ನಾವು ಭಾಷೆಗಾಗಿ ಜಗಳಾಡಿದಷ್ಟು ಹುರುಪಿನಿಂದ ಇಂಥದ್ದನ್ನು ಒಬ್ಬರಿಂದೊಬ್ಬರು ಕಲಿಯಲಿಲ್ಲವೆಂಬ ಸಂಕಟ ನನ್ನದು.

ಹಾಗೆಂದು ದುಡ್ಡೇ ಬೇಡವೆಂದಲ್ಲ. ನಮ್ಮಲ್ಲಿ ದೇವರಿಗೆ ಮುಡಿಪು ಕಟ್ಟುತ್ತಾರೆ. ಹಳದಿ ಬಟ್ಟೆಯಲ್ಲಿ ಗಂಟುಹಾಕಿ ಜಂತೆಗೆ ಸಿಕ್ಕಿಸಿದ ಆ ನಾಣ್ಯಗಳನ್ನು ಬರಗಾಲದಲ್ಲೂ ಯಾರೂ ಬಿಚ್ಚುವುದಿಲ್ಲ. ಬ್ಯಾಂಕಿನ ದುಡ್ಡನ್ನು ಮಗಳ ಸೀಮಂತಕ್ಕೆ ತೆಗೆಯುತ್ತೇವೆ, ಚೀಟಿಯ ದುಡ್ಡನ್ನು ಬೋರ್‌ವೆಲ್ಲಿಗೆ ಸುರಿಯುತ್ತೇವೆ. ಮುಡಿಪನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ನಮ್ಮದಲ್ಲ. ಕಾಯಿಲೆಯ ದುಡ್ಡೂ ಹಾಗೆಯೇ, ಮನೆಯಲ್ಲಿ ಮೊದಲು ಬೀಳುವವರದು. ಅದು ಯಾರೆಂದು ಇಂದು ಯಾರಿಗೂ ತಿಳಿಯದು.

ಚಿಕ್ಕಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ಅವಳು ಮಾಡಿದ ನಾಲ್ಕು ವರ್ಷದ ಮುಯ್ಯಾಳು ತೀರದೆ ಉಳಿದಿದೆ. ಹೋದ ಶ್ರಾವಣದಲ್ಲಿ ಮಕ್ಕಳು, ಸೊಸೆಯಂದಿರು, ನಾನು ಅವಳ ಎದುರಿಗೇ ಕೂತು ಮಾತಾಡಿದೆವು. ತಿಂಗಳಿಗೆ ಮನೆಗೆ 500 ರೂಪಾಯಿಯಂತೆ ಅವಳ ಹೆಸರಿನಲ್ಲಿ ಅಂಚೆ ಕಚೇರಿಗೆ ಕಟ್ಟುವುದೆಂದಾಯಿತು. ಯಾರ ಪಾಲಿಗೆ ಯಾವ ದಿನಗಳೆಂಬುದೂ ಗೊತ್ತಾಯಿತು. ಬಳ್ಳಾರಿಯಲ್ಲಿರುವ ಕಿರಿಯ ಮಗನಿಗೆ ಭಾನುವಾರ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಸೊಸೆಗೆ ವಾರದ ರಜೆಯಲ್ಲ, ಪೂರ್ತಿ ಬಿಡುವು. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, ಹೊಲದ ಮಾತು ಏನಾಯಿತೆಂದಳು. ಮಾರುವುದೋ ಬಿಡುವುದೋ ನೀನೇ ಈಗಲೇ ಹೇಳು ಎಂದೆವು. ಅವಳು ಇನ್ನೂ ಯೋಚಿಸುತ್ತಿದ್ದಾಳೆ.